ಹಳೆಯ ಪೇಟೆಗಳ ಪುನರ್ನಿರ್ಮಾಣ: ಬಾಡಿಗೆ ವರ್ತಕನ ಸ್ಥಾನವೆಲ್ಲಿ?

ನಗರಗಳ ಹಳೆಯ ಪೇಟೆಗಳಲ್ಲಿ ಶಿಥಿಲ ಕಟ್ಟಡಗಳನ್ನು ಕೆಡವಿ, ಸ್ಥಳೀಯ ಬಿಲ್ಡರುಗಳು ಬಹುಮಹಡಿ ವಾಣಿಜ್ಯ ಸಂಕೀರ್ಣಗಳನ್ನು ನಿರ್ಮಿಸುತ್ತಿರುವುದು ಇಂದು ಸಾಮಾನ್ಯ ಸಂಗತಿ. ಇಕ್ಕಟ್ಟಾದ ಮೆಟ್ಟಿಲು, ಹಳೆಯ ವಿದ್ಯುತ್ ತಂತಿ, ವಾಹನ ನಿಲುಗಡೆಯ ಅಭಾವಗಳಿಂದ ಗಿರಾಕಿಗಳು ದೂರವಾಗುತ್ತಿರುವಾಗ ಇಂತಹ ಪ್ರಯತ್ನ ಸ್ವಾಗತಾರ್ಹವೇ ಸರಿ. ಆದರೆ ಒಂದು ಪೇಟೆಗೆ ಹೆಸರು ತಂದುಕೊಟ್ಟವರು ದಶಕಗಳಿಂದ ಅಲ್ಲಿ ಬಾಡಿಗೆಗಿದ್ದು ವ್ಯಾಪಾರ ಮಾಡಿದ ವರ್ತಕರು. ಹೊಸ ಕಟ್ಟಡದಲ್ಲಿ ಅವರ ಸ್ಥಾನವೇನೆಂಬುದು ಹಳೆಯದನ್ನು ಕೆಡವುವ ಮುನ್ನವೇ ಲಿಖಿತವಾಗಿ ನಿರ್ಧಾರವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ದೃಷ್ಟಿಯಿಂದ ಮುಂಬಯಿಯ ಭೇಂಡಿ ಬಜಾರ್ ಗಮನಾರ್ಹ ಉದಾಹರಣೆ. ದಾವೂದಿ ಬೊಹ್ರಾ ಸಮುದಾಯದ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ 2009ರಲ್ಲಿ ಅಲ್ಲಿನ ಪುನರ್ನಿರ್ಮಾಣದ ಹೊಣೆ ಹೊತ್ತಿತು. ಸುಮಾರು 16.5 ಎಕರೆ ಪ್ರದೇಶ, ಸುಮಾರು 250 ಕಟ್ಟಡಗಳು, 3,200 ಕುಟುಂಬಗಳು, 1,250 ಅಂಗಡಿಗಳು ಈ ಯೋಜನೆಯ ವ್ಯಾಪ್ತಿಗೆ ಬಂದವು. ಇದ್ದವರನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸಿ, ಅದೇ ಪ್ರದೇಶಕ್ಕೆ ಮರಳಿ ಕರೆತರುವುದೇ ಯೋಜನೆಯ ತಿರುಳು. ಆದರೂ ಕೆಲಸ ನಿಧಾನವಾಗಿ ಸಾಗಿತು. 2017ರ ಆಗಸ್ಟ್ 31ರಂದು ಅಲ್ಲಿನ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ವಿಳಂಬದ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸಲಾಗದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ನಮ್ಮ ರಾಜ್ಯದ ಪರಿಸ್ಥಿತಿಗೆ ಬರೋಣ. ಕರ್ನಾಟಕ ಬಾಡಿಗೆ ಕಾಯ್ದೆ, 1999ರ ರಕ್ಷಣೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಅಂತಹ ಮಳಿಗೆಯ ಮಾಸಿಕ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯನ್ವಯ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ತೆರವಿಗೆ ನ್ಯಾಯಾಲಯದ ಆದೇಶ ಬೇಕೆಂಬುದು ನಿಜ. ಆದರೆ ಹೊಸ ಕಟ್ಟಡದಲ್ಲಿ ಮಳಿಗೆ ದೊರೆಯುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಮಾಲೀಕರ ಬಾಯಿಮಾತನ್ನು ನಂಬಿ ಅಂಗಡಿ ಖಾಲಿ ಮಾಡಿದ ನನ್ನ ಗ್ರಾಹಕರೊಬ್ಬರು, ಕಟ್ಟಡ ಎದ್ದು ನಿಂತಾಗ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಮರಳಬೇಕಾಯಿತು. ಅವರ ಆಸ್ತಿ-ಹೊಣೆ ಪಟ್ಟಿಯಲ್ಲಿ ದಾಸ್ತಾನು, ಬರಬೇಕಾದ ಬಾಕಿ ಎಲ್ಲವೂ ಇದ್ದವು. ಮೂವತ್ತು ವರ್ಷಗಳ ಗಿರಾಕಿಗಳ ವಿಶ್ವಾಸಕ್ಕೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಆದುದರಿಂದ ವರ್ತಕ ಮಿತ್ರರು ಕೆಲವು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮಾಲೀಕ, ಬಿಲ್ಡರ್ ಮತ್ತು ಬಾಡಿಗೆದಾರ ಮೂವರೂ ಸಹಿ ಮಾಡಿದ ಕರಾರು ಇರಲಿ. ಮಳಿಗೆಯ ವಿಸ್ತೀರ್ಣ, ಮಹಡಿ, ಬಾಡಿಗೆ, ಸ್ವಾಧೀನದ ದಿನಾಂಕ ಮತ್ತು ವಿಳಂಬವಾದರೆ ಪರಿಹಾರ ಅದರಲ್ಲಿ ಸ್ಪಷ್ಟವಾಗಿರಲಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಎರಡನೆಯದಾಗಿ, ಯೋಜನೆಗೆ ರೇರಾ ನೋಂದಣಿ ಇದ್ದಲ್ಲಿ, ಅಲ್ಲಿ ಘೋಷಿಸಿದ ಮುಕ್ತಾಯದ ದಿನಾಂಕವನ್ನು ಕರಾರಿನ ದಿನಾಂಕದೊಡನೆ ಹೋಲಿಸಿ ನೋಡಬೇಕು. ಮೂರನೆಯದಾಗಿ, ಬಾಡಿಗೆ ಹಕ್ಕು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿ. ಅದನ್ನು ಬಿಟ್ಟುಕೊಟ್ಟು ಪಡೆದ ಹಣ ಬಂಡವಾಳ ಲಾಭವಾಗುತ್ತದೆ. ಹಕ್ಕನ್ನು ಹಣಕೊಟ್ಟು ಕೊಂಡಿರದಿದ್ದರೆ ಅದರ ವೆಚ್ಚ ಸೊನ್ನೆಯೆಂದೇ ಲೆಕ್ಕ. ತೆರಿಗೆ ಕಳೆದು ಎಷ್ಟು ಉಳಿಯುವುದೆಂದು ಅರಿತೇ ಒಪ್ಪಬೇಕು. ಕೊನೆಯದಾಗಿ, ತಾತ್ಕಾಲಿಕ ಮಳಿಗೆಗೆ ಹೋದ 15 ದಿನಗಳೊಳಗೆ ಜಿಎಸ್‌ಟಿ ನೋಂದಣಿಯಲ್ಲಿ ವಿಳಾಸ ಬದಲಾವಣೆಗೆ ಅರ್ಜಿ ಸಲ್ಲಿಸುವುದನ್ನು ಮರೆಯಬಾರದು.

ಬಿಲ್ಡರುಗಳಿಗೂ ಒಂದು ಮಾತು. ಹಳೆಯ ವರ್ತಕರು ಮರಳಿ ಬಂದರೆ ಅವರ ಹಿಂದೆಯೇ ಗಿರಾಕಿಗಳೂ ಬರುತ್ತಾರೆ. ಉಳಿದ ಮಳಿಗೆಗಳಿಗೆ ಬೇಡಿಕೆ ತಾನಾಗಿ ಹುಟ್ಟುತ್ತದೆ. ಅವರನ್ನು ಹೊರಗಿಟ್ಟು ಕಟ್ಟಿದ ಸಂಕೀರ್ಣ ನ್ಯಾಯಾಲಯದ ತಡೆಯಾಜ್ಞೆಗಾಗಲಿ, ಖಾಲಿ ಮಳಿಗೆಗಳಿಗಾಗಲಿ ಸಿಲುಕುವ ಅಪಾಯವಿದೆ. ಹಾಗಾದರೆ ಬಡ್ಡಿಯ ಹೊರೆ ಬಿಲ್ಡರಿನ ಮೇಲೆಯೇ ಬೀಳುತ್ತದೆ.

ನಮ್ಮ ವಾಣಿಜ್ಯ ಸಂಸ್ಥೆ ವಕೀಲರು ಹಾಗೂ ಲೆಕ್ಕಪರಿಶೋಧಕರ ನೆರವಿನಿಂದ ಇಂತಹ ತ್ರಿಪಕ್ಷೀಯ ಕರಾರಿನ ಮಾದರಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ, ಅದು ಸಕಾಲಿಕ ಸೇವೆಯಾದೀತು.