ಋಷಿಮೂಲವೂ ಕುಲಾಭಿಮಾನವೂ

ವಿಟ್ಲಸೀಮೆಯ ಜನರಿಗೆ ಪುರಾಣವೆಂಬುದು ದೂರದ ಮಾತಲ್ಲ. ಈ ನೆಲವು ಭಾರ್ಗವರಾಮನ ಕೊಡಲಿಗೆ ಅಂಜಿ ಸಮುದ್ರರಾಜನು ಬಿಟ್ಟುಕೊಟ್ಟ ಭೂಮಿಯೆಂದೂ, ಪಾಂಡವರು ಬ್ರಾಹ್ಮಣವೇಷದಿಂದ ಅಡಗಿದ್ದ ಏಕಚಕ್ರನಗರವು ವಿಟ್ಲವೇ ಎಂದೂ, ಪಂಚಲಿಂಗೇಶ್ವರನ ಸನ್ನಿಧಿಯ ಐದು ಲಿಂಗಗಳು ಆ ಐವರ ಪ್ರತಿಷ್ಠೆಯೆಂದೂ ಹಿರಿಯರು ಹೇಳುತ್ತ ಬಂದಿರುವರು. ಇಂಥ ಕಥೆಗಳಿಂದ ಯಾರಿಗೂ ಕೇಡಿಲ್ಲ. ಹುಟ್ಟೂರಿನ ಮೇಲಣ ಪ್ರೀತಿ ಇವುಗಳಿಂದ ಬೆಳೆಯುವುದು. ಆದರೆ "ನಾವು ಇಂಥ ಋಷಿಯ ರಕ್ತದವರು, ನೀವಲ್ಲ" ಎಂಬ ಮಾತು ಹೊರಟಾಗಲೂ, ಸಗೋತ್ರವೆಂಬ ಒಂದೇ ಕಾರಣದಿಂದ ಯೋಗ್ಯವಾದ ಸಂಬಂಧವು ಮುರಿದುಬಿದ್ದಾಗಲೂ, ಈ ಋಷಿಮೂಲವೆಂದರೇನೆಂದು ವಿಚಾರಿಸುವುದು ತಿಳಿದವರ ಕರ್ತವ್ಯವಾಗುವುದು.

ವಿಶ್ವಾಮಿತ್ರ, ಜಮದಗ್ನಿ, ಭರದ್ವಾಜ, ಗೌತಮ, ಅತ್ರಿ, ವಸಿಷ್ಠ, ಕಶ್ಯಪ ಎಂಬ ಏಳು ಮಂದಿಯೂ ಎಂಟನೆಯವನಾದ ಅಗಸ್ತ್ಯನೂ ಗೋತ್ರಗಳ ಮೂಲಪುರುಷರೆಂದು ಬೌಧಾಯನನ ಮತ. ಇವರಲ್ಲಿ ಮೊದಲನೆಯವನಾದ ವಿಶ್ವಾಮಿತ್ರನು ಹುಟ್ಟಿನಿಂದ ಕ್ಷತ್ರಿಯನು. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯನ್ನು ನೆನೆಯಿರಿ. ಆಂಗಿರಸಕುಲದ ಅಜೀಗರ್ತನು ನೂರು ಗೋವುಗಳಿಗೆ ತನ್ನ ನಡುವಣ ಮಗನನ್ನು ಯಜ್ಞಪಶುವಾಗಿ ಮಾರಿದನು. ಯೂಪದಿಂದ ಬಿಡುಗಡೆ ಹೊಂದಿದ ಆ ಬಾಲಕನು ಹೆತ್ತ ತಂದೆಯನ್ನು ನಿರಾಕರಿಸಿ ವಿಶ್ವಾಮಿತ್ರನ ತೊಡೆಯೇರಿ ಕುಳಿತು, ದೇವರಾತನೆಂಬ ಹೆಸರಿನಿಂದ ಅವನ ಜ್ಯೇಷ್ಠಪುತ್ರನಾದನು. ರಕ್ತವೇ ಸರ್ವಸ್ವವೆಂದು ನಮ್ಮ ಪೂರ್ವಿಕರು ನಂಬಿದ್ದರೆ ಈ ಕಥೆಯನ್ನು ವೇದಭಾಗದಲ್ಲಿ ಉಳಿಸುತ್ತಿದ್ದರೇ?

ಕನ್ನಡನಾಡಿನ ಸಾಕ್ಷ್ಯವೂ ಹೀಗೆಯೇ ಇರುವುದು. ಶಿಕಾರಿಪುರ ತಾಲೂಕಿನ ತಾಳಗುಂದದ ಐದನೆಯ ಶತಮಾನದ ಸ್ತಂಭಶಾಸನದಲ್ಲಿ ಕದಂಬರು ಮಾನವ್ಯಗೋತ್ರದವರು, ಹಾರಿತೀಪುತ್ರರು. ಕಾಂಚಿಯ ಘಟಿಕಾಸ್ಥಾನಕ್ಕೆ ವೇದಾಧ್ಯಯನಕ್ಕೆಂದು ಹೋದ ಮಯೂರಶರ್ಮನು ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಲು ದರ್ಭೆ ಹಿಡಿದ ಕೈಯಿಂದಲೇ ಕತ್ತಿಯನ್ನು ಹಿರಿದನು. ಅವನ ವಂಶಜರು ವರ್ಮರಾದರು. ಕುಲವೃತ್ತಿ ಬದಲಾಯಿತು, ಗೋತ್ರವು ಉಳಿಯಿತು. ಮುಂದೆ ಕದಂಬರನ್ನು ಗೆದ್ದ ಬಾದಾಮಿಯ ಚಾಲುಕ್ಯರೂ ತಮ್ಮನ್ನು ಮಾನವ್ಯಗೋತ್ರದ ಹಾರಿತೀಪುತ್ರರೆಂದೇ ಕರೆದುಕೊಂಡರು. ಗೆದ್ದವರೂ ಸೋತವರೂ ಒಂದೇ ಋಷಿಯ ಹೆಸರನ್ನು ಹೊತ್ತರು.

ಇದರ ಮರ್ಮವನ್ನು ಬಿಡಿಸಿ ಹೇಳಿದವನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಬಾಳಿದ ವಿಜ್ಞಾನೇಶ್ವರನು. ಕ್ಷತ್ರಿಯರಿಗೂ ವೈಶ್ಯರಿಗೂ ಸ್ವಂತ ಗೋತ್ರವಿಲ್ಲ, ಪುರೋಹಿತನ ಗೋತ್ರಪ್ರವರಗಳೇ ಅವರವು ಎಂದು ಮಿತಾಕ್ಷರೆಯ ನಿರ್ಣಯ. ಗೋತ್ರವನ್ನರಿಯದವನಿಗೆ ಕಾಶ್ಯಪಗೋತ್ರವನ್ನು ಹೇಳುವ ವಾಡಿಕೆಯೂ ಉಂಟಷ್ಟೆ. ಗುರುವಿನಿಂದ ಪಡೆಯಬಹುದಾದುದು ಬೀಜದಿಂದ ಮಾತ್ರ ಬರತಕ್ಕುದೆಂದು ವಾದಿಸುವುದು ಹೇಗೆ?

ಇನ್ನು ನಮ್ಮ ತುಳುನಾಡಿನಲ್ಲಿಯೇ ನೋಡಿರಿ. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿಯು ತಾಯಿಯಿಂದ ಬರುವುದು. ಒಂದೇ ಬಳಿಯವರೊಳಗೆ ಮದುವೆಯಿಲ್ಲ. ಪಕ್ಕದ ಮನೆಯಲ್ಲಿ ಗೋತ್ರವು ತಂದೆಯಿಂದ ಬರುವುದು. ಒಂದೇ ಗದ್ದೆಬೈಲಿನ ಎರಡು ಮನೆಗಳಲ್ಲಿ ವಂಶವನ್ನು ಎಣಿಸುವ ಕ್ರಮವು ಎರಡು ಬಗೆ. ಇವುಗಳಲ್ಲಿ ಒಂದು ಮಾತ್ರ ಸೃಷ್ಟಿನಿಯಮ, ಇನ್ನೊಂದು ಬರಿಯ ರೂಢಿ ಎನ್ನಲು ಯಾವ ಆಧಾರವಿದೆ?

ಕಾನೂನು ಈ ಪ್ರಶ್ನೆಯನ್ನು ಎಂದೋ ಮುಗಿಸಿರುವುದು. 1946ರ ಶಾಸನವು ಸಗೋತ್ರವಿವಾಹವನ್ನು ಸಿಂಧುವೆಂದು ಸಾರಿತು. 1955ರ ಹಿಂದೂ ವಿವಾಹ ಕಾಯಿದೆಯು ಸಗೋತ್ರವನ್ನು ನಿಷೇಧವಾಗಿ ಎಣಿಸದೆ, ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಗಳ ಸಪಿಂಡಸಂಬಂಧವನ್ನು ಮಾತ್ರ ನೋಡುವುದು. ಆದರೂ ಜಾತಕದ ಜತೆಗೆ ಗೋತ್ರವನ್ನು ಕೇಳಿ ವಧೂವರರನ್ನು ಹಿಂದಿರುಗಿಸುವ ಮನೆಗಳು ಇಂದಿಗೂ ಇರುವುವು. ಹತ್ತಿರದ ರಕ್ತಸಂಬಂಧಕ್ಕೆ ಅಂಜುವುದು ವಿವೇಕ; ಸಾವಿರಾರು ವರ್ಷಗಳಾಚೆಯ ಹೆಸರೊಂದಕ್ಕೆ ಅಂಜಿ ಮಕ್ಕಳ ಬಾಳನ್ನು ಕೆಡಿಸುವುದು ವಿವೇಕವಲ್ಲ.

ಋಷಿಗಳ ಹೆಸರನ್ನು ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಅಭಿವಾದನದಲ್ಲಿ ಆ ಹೆಸರನ್ನು ಉಚ್ಚರಿಸುವವನು ಒಂದು ವಿದ್ಯಾಪರಂಪರೆಯ ಋಣವನ್ನು ಒಪ್ಪಿಕೊಳ್ಳುತ್ತಾನೆ. ವಿದ್ಯೆಯ ಋಣವು ತೀರುವುದು ಕಲಿತು ಕಲಿಸುವುದರಿಂದಲೇ ಹೊರತು ಇತರರನ್ನು ಕೀಳೆಣಿಸುವುದರಿಂದಲ್ಲ. ಉಪಾಧ್ಯಾಯ ಮಹಾಶಯರು ಪರಶುರಾಮನ ಕೊಡಲಿಯ ಕಥೆಯೊಡನೆ ಶುನಃಶೇಪನ ಕಥೆಯನ್ನೂ, ತಾಳಗುಂದದ ಶಾಸನದ ವೃತ್ತಾಂತವನ್ನೂ ತಮ್ಮ ಮಕ್ಕಳಿಗೆ ಹೇಳಲಿ. ತಾಯ್ತಂದೆಗಳು ಸಂಬಂಧ ನೋಡುವಾಗ ಗೋತ್ರಕ್ಕಿಂತ ಮೊದಲು ಗುಣವನ್ನು ವಿಚಾರಿಸಲಿ.