ಸೌಮ್ಯವಾದ ಹಂದಿಜ್ವರವನ್ನೂ ಮುಚ್ಚಿಡಬಾರದು

ಹತ್ತು ಹಂದಿ ಸತ್ತರೆ ರೋಗ, ಒಂದೆರಡು ಮಂಕಾದರೆ ಹವೆಯ ದೋಷ ಎಂದು ತಿಳಿಯುವುದುಂಟು. ಶಿರಗುಪ್ಪಿಯ ಹಂದಿ ಸಾಕಣೆದಾರರಾಗಲಿ, ಬೇರೆ ಊರಿನವರಾಗಲಿ ಈ ತಿಳಿವಳಿಕೆಯನ್ನು ಬಿಡಬೇಕು.

ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿತು. 2022ರಲ್ಲಿ ನಮ್ಮ ಗಡಿಯ ವಯನಾಡನ್ನೂ 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನೂ ಮುಟ್ಟಿತು. ಇದು ಮನುಷ್ಯರಿಗೆ ತಗಲುವುದಿಲ್ಲ.

ಇದರ ವೈರಸ್ಸಿನಲ್ಲಿ 150ಕ್ಕೂ ಹೆಚ್ಚು ಜೀನುಗಳಿವೆ. ಇವುಗಳಲ್ಲಿ ಕೆಲವು ಹಂದಿಯ ರೋಗನಿರೋಧಕ ಶಕ್ತಿಯನ್ನು ಕಟ್ಟಿಹಾಕುತ್ತವೆ. ಆಗ ಜ್ವರ ಏರಿ, ಕಿವಿ, ಹೊಟ್ಟೆ ಕೆಂಪೇರಿ, ಕೆಲವೇ ದಿನಗಳಲ್ಲಿ ಹಂದಿ ಸಾಯುತ್ತದೆ. ಅಂಥ ಜೀನು ಕೆಟ್ಟರೆ ರೋಗ ಸೌಮ್ಯವಾಗಬಹುದು. ಇಂಥ ತಳಿಗಳು ಚೀನಾದಲ್ಲಿ ಸಿಕ್ಕಿರುವುದು 2021ರಲ್ಲಿ ವರದಿಯಾಯಿತು. ಸೋಂಕಿದ ಹಂದಿ ಬಹುಕಾಲ ಬದುಕಿ ರೋಗ ಹರಡುತ್ತಿತ್ತು. ಒಂದು ಜೀನು ತೆಗೆದು ತಯಾರಿಸಿದ ಲಸಿಕೆಗೆ ವಿಯೆಟ್ನಾಂ 2022ರಲ್ಲಿ ಅನುಮತಿ ನೀಡಿತು. ನಮ್ಮಲ್ಲಿ ಅನುಮತಿ ಪಡೆದ ಲಸಿಕೆ ಇಲ್ಲ. ಸಾಮಾನ್ಯ ಹಂದಿಜ್ವರದ ಲಸಿಕೆ ಈ ರೋಗವನ್ನು ತಡೆಯದು. ಕಳ್ಳದಾರಿಯ ಲಸಿಕೆಯನ್ನಂತೂ ಮುಟ್ಟಲೇಬಾರದು.

ಸತ್ತ ಹಂದಿ ನಮ್ಮನ್ನು ಎಚ್ಚರಿಸುತ್ತದೆ. ಬದುಕಿ ಹರಡುವ ಹಂದಿ ಸದ್ದಿಲ್ಲದೆ ನೆರೆಯವನ ದೊಡ್ಡಿಯನ್ನೂ ಬರಿದು ಮಾಡುತ್ತದೆ. ಆದ್ದರಿಂದ ಒಂದು ಹಂದಿ ಮೇವು ಬಿಟ್ಟರೂ ಪಶುವೈದ್ಯರಿಗೆ ತಿಳಿಸಿರಿ. ಅಗ್ಗಕ್ಕೆ ಸಂತೆಗೆ ಸಾಗಿಸಬೇಡಿರಿ. ಹೋಟೆಲಿನ ಮುಸುರೆಯನ್ನು ಅರ್ಧ ತಾಸು ಚೆನ್ನಾಗಿ ಕುದಿಸಿ, ಆರಿಸಿ ಹಾಕಿರಿ. ಹೊಸ ಹಂದಿಗಳನ್ನು ಕೆಲವು ವಾರ ಬೇರೆಯಾಗಿಡಿರಿ.

ರೋಗ ತಡೆಗಾಗಿ ಕೊಲ್ಲಿಸಿದ ಹಂದಿಗಳಿಗೆ ಸರ್ಕಾರದ ಪರಿಹಾರವುಂಟು. ಅದು ತಡವಾದರೆ ರೈತ ರೋಗವನ್ನು ಮುಚ್ಚಿಡುತ್ತಾನೆ. ಸುದ್ದಿ ಕೊಟ್ಟವನಿಗೆ ಹಣ ಬೇಗ ಕೈಸೇರಲಿ. ರೋಗ ತಡೆಯ ಮೊದಲ ಮೆಟ್ಟಿಲು ಅದೇ.