ಕೋರ್ಟು ಒಂದು, ಅತಿಥಿಗಳು ಹಲವರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯಾದರೆ ಬ್ಯಾಡ್ಮಿಂಟನ್ ಕೋರ್ಟಿಗೆ ಎಲ್ಲಿಲ್ಲದ ಬೇಡಿಕೆ. 13.4 ಮೀಟರ್ ಉದ್ದದ ಅಂಕಣದಲ್ಲಿ ಒಮ್ಮೆಗೆ ಆಡಬಲ್ಲವರು ನಾಲ್ವರೇ. ಅವರಲ್ಲಿ ಮೂವರು ಹೊರಗಿನ ಗೆಳೆಯರಾದರೆ, ನಿರ್ವಹಣಾ ಶುಲ್ಕ ಕಟ್ಟುವ ಮನೆಗಳ ಮಕ್ಕಳು ರಾಕೆಟ್ ಹಿಡಿದು ಬೆಂಚಿನ ಮೇಲೆ ಕಾಯಬೇಕು.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಾಮಾನ್ಯ ಸೌಲಭ್ಯಗಳನ್ನು ಪ್ರತಿ ಮಾಲೀಕರೂ ಬಳಸಬಹುದು. ಆದರೆ ಉಳಿದ ಮಾಲೀಕರ ಹಕ್ಕಿಗೆ ಅಡ್ಡಿಯಾಗಬಾರದು.

ಹಾಗೆಂದು ಅತಿಥಿಗಳಿಗೆ ಗೇಟು ಮುಚ್ಚಬೇಕಿಲ್ಲ. ಮನೆಗೆ ಇಬ್ಬರು ಅತಿಥಿಗಳ ಮಿತಿ, ಕರೆತಂದವರೂ ಆಟದಲ್ಲಿರಬೇಕೆಂಬ ಷರತ್ತು, ಸಂಜೆಯ ಹೊತ್ತು ನಿವಾಸಿಗಳಿಗೆ ಆದ್ಯತೆ ಇದ್ದರೆ ಸಾಕು. ಹಣ ಪಡೆದು ಹೊರಗಿನವರಿಗೆ ತರಬೇತಿ ಕೊಡುವ ಕೋಚ್‌ಗಳ ವಿಷಯ ಬೇರೆ. ಅದಕ್ಕೆ ಸಂಘದ ಲಿಖಿತ ಅನುಮತಿ ಕಡ್ಡಾಯವಾಗಲಿ. ಇದೆಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿನ ಜಗಳಕ್ಕೆ ಬಿಡದೆ, ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಿ ಬೈಲಾದಲ್ಲಿ ಸೇರಿಸಬೇಕು.